500 ವ್ಯಾಟ್ ಬೇಸ್ ಹೆಡ್‌ಗೆ ಯಾವ ಕ್ಯಾಬಿನೆಟ್? 4 ಓಮ್‌ನದು ಒಂದೋ, 8 ಓಮ್‌ನವು ಎರಡೋ?

ಕೊತ್ರೂಡ್‌ನ ಐದು ತಂತಿ:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು, ಆರು ವರ್ಷದಿಂದ ಪುಣೆಯಲ್ಲಿದ್ದೇನೆ. ಕೆಲಸ ಹಿಂಜವಡಿಯಲ್ಲಿ, ಮನೆ ಕೊತ್ರೂಡ್‌ನಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನನ್ನ ಪ್ರಶ್ನೆಯಲ್ಲಿ ಆ ಮೆಟ್ಟಿಲುಗಳೂ ಸೇರಿವೆ.

ಐದು ತಂತಿಯ ಬೇಸ್ ಗಿಟಾರ್ ನುಡಿಸುತ್ತೇನೆ. ನಮ್ಮ ತಂಡದಲ್ಲಿ ಡ್ರಮ್ಸ್, ಕೀಬೋರ್ಡ್, ಒಂದು ಗಿಟಾರ್, ನಾನು, ಮತ್ತೆ ಹಾಡುವ ಅಕ್ಕ. ಹಳೆಯ ಕನ್ನಡ ಸಿನಿಮಾ ಹಾಡುಗಳೇ ಜಾಸ್ತಿ, ನಡುವೆ ಮರಾಠಿ, ಹಿಂದಿ. ಗಣಪತಿ ಹಬ್ಬದ ಹತ್ತು ದಿನ ಮತ್ತು ನವೆಂಬರ್ ತಿಂಗಳು ನಮಗೆ ಪುರುಸೊತ್ತು ಇರುವುದಿಲ್ಲ.

ಇಷ್ಟು ದಿನ ಆ್ಯಂಪ್, ಸ್ಪೀಕರ್ ಎರಡೂ ಒಂದೇ ಡಬ್ಬದಲ್ಲಿರುವ 40 ವ್ಯಾಟ್‌ನ ಚಿಕ್ಕ ಕಾಂಬೊ ಒಂದರಲ್ಲೇ ಕಾಲ ತಳ್ಳಿದೆ. ಕಳೆದ ನವೆಂಬರ್‌ನಲ್ಲಿ ಚಿಂಚವಡ್ ಕಡೆ ಒಂದು ರಾಜ್ಯೋತ್ಸವ ಕಾರ್ಯಕ್ರಮ ಇತ್ತು. ಸೌಂಡ್‌ನವರ ಹತ್ತಿರ ಇದ್ದ ಮಾನಿಟರ್‌ಗಳೆಲ್ಲ, ಅಂದರೆ ಸ್ಟೇಜ್ ಮೇಲಿನವರಿಗೆ ಕೇಳಿಸುವ ಸ್ಪೀಕರ್‌ಗಳೆಲ್ಲ, ಹಾಡುವವರಿಗೇ ಸರಿಹೋದವು. ನಾನು ಕಾಂಬೊದ ವಾಲ್ಯೂಮ್ ಅನ್ನೇ ಪೂರ್ತಿ ಏರಿಸಿ ಇಟ್ಟೆ. ಎಲ್ಲಕ್ಕಿಂತ ಕೆಳಗಿನ ಸ್ವರದ ಬಿ ತಂತಿ ಮುಟ್ಟಿದರೆ ಸ್ವರ ಬರಲಿಲ್ಲ, ಸ್ಪೀಕರ್‌ನ ಕೋನ್ ಪಟಪಟ ಬಡಿದುಕೊಂಡಿತು. ನಮ್ಮ ಡ್ರಮ್ಮರ್ ನನ್ನ ಬೇಸ್ ಕೇಳಿಕೊಂಡೇ ನುಡಿಸುವವನು. ಅವನಿಗೆ ಏನೂ ಕೇಳಿಸದೆ ಒಂದು ಚರಣ ಮುಗಿಯುವ ಮೊದಲೇ ನಿಲ್ಲಿಸಿಬಿಟ್ಟ. ಹಾಡುತ್ತಿದ್ದ ಅಕ್ಕ ತಿರುಗಿ ನಮ್ಮಿಬ್ಬರನ್ನು ನೋಡಿದರು. ಬೈಯಲಿಲ್ಲ, ಬರೀ ನೋಡಿದರು. ಅವತ್ತು ರಾತ್ರಿಯೇ ತೀರ್ಮಾನ ಮಾಡಿದೆ, ಸರಿಯಾದ ಆ್ಯಂಪ್ ತಗೊಳ್ಳಲೇಬೇಕು ಅಂತ.

ಈಗ ನಾರಾಯಣ ಪೇಟೆಯಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ಸೆಟ್ ಕೊಡುತ್ತೇನೆ ಅನ್ನುತ್ತಿದ್ದಾರೆ. 500 ವ್ಯಾಟ್ ಹೆಡ್, ಅಂದರೆ ಸ್ಪೀಕರ್ ಇಲ್ಲದ ಬರೀ ಆ್ಯಂಪ್, ಜೊತೆಗೆ 4 ಓಮ್‌ನ ಫೋರ್ ಟೆನ್, ಅಂದರೆ ಹತ್ತು ಇಂಚಿನ ನಾಲ್ಕು ಸ್ಪೀಕರ್ ಇರುವ ಕ್ಯಾಬಿನೆಟ್. ಹೆಡ್‌ನ ಹಿಂದೆ 'ಕನಿಷ್ಠ 4 ಓಮ್' ಅಂತ ಇದೆ (ಓಮ್ ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ). ಪರಿಚಯದವರೊಬ್ಬರು, 'ಇದರ ಕೆಳಗೆ 8 ಓಮ್‌ನ ಹದಿನೈದು ಇಂಚಿನದು ಒಂದು ಸೇರಿಸು, ಬಿ ತಂತಿ ತಾನಾಗಿ ಸರಿಹೋಗುತ್ತದೆ' ಅನ್ನುತ್ತಾರೆ. ಅಂಗಡಿಯಲ್ಲಿ ಕೇಳಿದರೆ 1000 ವ್ಯಾಟ್ ಹೆಡ್ಡೇ ಬೇಕು ಅಂದರು.

ನನ್ನ ಹತ್ತಿರ ಇರುವುದು ಎಂಬತ್ತು ಸಾವಿರ. ಒಂದು ಸಲ ತಗೊಂಡರೆ ಹತ್ತು ವರ್ಷ ಇಟ್ಟುಕೊಳ್ಳುವವನು ನಾನು. ಆ ಎರಡು ಕ್ಯಾಬಿನೆಟ್ ಒಟ್ಟಿಗೆ ಹಾಕಬಹುದಾ? ಹದಿನೈದು ಇಂಚು ಇಲ್ಲದೆ ಬಿ ತಂತಿ ಕೇಳಿಸುವುದಿಲ್ವಾ? 1000 ವ್ಯಾಟ್ ನಿಜಕ್ಕೂ ಬೇಕಾ?

ಠಾಣೆಯ ಡ್ರಮ್ಸ್:

ನಾನು ಬೇಸ್ ನುಡಿಸುವವನಲ್ಲ, ಆದರೆ ಬೇಸ್ ಕೇಳಿಸದೆ ಒದ್ದಾಡಿದವನು. ಡ್ರಮ್ಮರ್‌ಗೆ ಬೇಕಾಗಿರುವುದು ನೆಲ ನಡುಗುವ ಸದ್ದಲ್ಲ. ನಿಮ್ಮ ಬೆರಳು ತಂತಿಗೆ ಯಾವಾಗ ಬಿತ್ತು ಅನ್ನುವುದು ಗೊತ್ತಾಗಬೇಕು, ಅಷ್ಟೇ. ಅದು ಇರುವುದು ಮಿಡ್ ಗುಂಡಿಯಲ್ಲಿ, ಅಂದರೆ ನಡುವಿನ ಸ್ವರಗಳನ್ನು ಏರಿಸಿ ಇಳಿಸುವ ಗುಂಡಿಯಲ್ಲಿ. ಕ್ಯಾಬಿನೆಟ್ ಅನ್ನು ಹೈ-ಹ್ಯಾಟ್ (ಡ್ರಮ್ಸ್‌ನಲ್ಲಿ ಕಾಲಿನಿಂದ ತುಳಿಯುವ ಜೋಡಿ ತಾಳ) ಪಕ್ಕ, ನನ್ನ ಕಿವಿಗೆ ಹತ್ತಿರ ಇಟ್ಟರೆ ಅರ್ಧ ಜಗಳ ಮುಗಿಯಿತು.

ಮಾಟುಂಗಾ ಬೇಸ್:

ತಮ್ಮಾ, ಆ ಎರಡು ಕ್ಯಾಬಿನೆಟ್ ಒಟ್ಟಿಗೆ ಹಾಕಬೇಡ. ಇದನ್ನು ಮೊದಲು ಹೇಳಿ ಆಮೇಲೆ ಕಾರಣ ಬರೆಯುತ್ತೇನೆ.

ನಾನು ಕಾರ್ಕಳದವನು, ಮುಂಬಯಿಗೆ ಬಂದಿದ್ದು 1994ರಲ್ಲಿ. ಅಂದಿನಿಂದ ಮದುವೆ, ಆರ್ಕೆಸ್ಟ್ರಾ, ಗಣೇಶೋತ್ಸವ, ಸಂಘಗಳ ವಾರ್ಷಿಕೋತ್ಸವ, ಎಲ್ಲದಕ್ಕೂ ಬೇಸ್ ನುಡಿಸಿದ್ದೇನೆ. 2006ರಲ್ಲಿ ನನ್ನ ಹತ್ತಿರ ಇದ್ದದ್ದು ಸರಿಯಾಗಿ ನೀನು ಈಗ ಬರೆದ ಸೆಟ್ಟೇ. 4 ಓಮ್ ಫೋರ್ ಟೆನ್, 8 ಓಮ್ ಹದಿನೈದು, ಕನಿಷ್ಠ 4 ಓಮ್‌ನ ಹೆಡ್. ಮನೆಯಲ್ಲಿ ಚೆನ್ನಾಗಿತ್ತು. ಮೊದಲ ಎರಡು ಕಾರ್ಯಕ್ರಮವೂ ಚೆನ್ನಾಗಿ ಹೋಯಿತು. ಮೂರನೆಯದು ಮೇ ತಿಂಗಳು, ಚೆಂಬೂರಿನಲ್ಲಿ ಮದುವೆ, ಬಯಲು ಸ್ಟೇಜ್. ನಲವತ್ತು ನಿಮಿಷ ಆದ ಮೇಲೆ ಹೆಡ್ ಸುಮ್ಮನಾಯಿತು. ಮುಟ್ಟಿದರೆ ದೋಸೆ ಕಾವಲಿಯಷ್ಟು ಬಿಸಿ. ಆರಿದ ಮೇಲೆ ಮತ್ತೆ ಹಾಕಿದೆ, ಹತ್ತು ನಿಮಿಷ ನಡೆಯಿತು, ಆಮೇಲೆ ಸುಟ್ಟ ವಾಸನೆ ಬಂತು. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಬಿಚ್ಚಿಸಿ ನೋಡಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಹೋಗಿದ್ದವು.

ಲೆಕ್ಕ ಇಷ್ಟೇ. ಹೆಡ್‌ನ ಹಿಂದೆ ಎರಡು ಸ್ಪೀಕರ್ ಸಾಕೆಟ್ ಇದ್ದರೆ ಸಾಮಾನ್ಯವಾಗಿ ಅವು ಪ್ಯಾರಲಲ್, ಅಂದರೆ ಕರೆಂಟ್ ಎರಡಕ್ಕೂ ಬೇರೆ ಬೇರೆ ದಾರಿಯಲ್ಲಿ ಹೋಗುತ್ತದೆ. 8 ಓಮ್‌ನ ಎರಡು ಕ್ಯಾಬಿನೆಟ್ ಪ್ಯಾರಲಲ್ ಆದರೆ 4 ಓಮ್. 4 ಮತ್ತು 8 ಸೇರಿದರೆ ಸುಮಾರು 2.67 ಓಮ್. ಓಮ್ ಕಡಿಮೆ ಆದಷ್ಟೂ ಹೆಡ್ ಜಾಸ್ತಿ ಕರೆಂಟ್ ಕೊಡಬೇಕು, ಜಾಸ್ತಿ ಬಿಸಿಯಾಗುತ್ತದೆ. 2.67 ಓಮ್ ಅಥವಾ 2 ಓಮ್ ತಡೆಯುವ ಹೆಡ್‌ಗಳೂ ಇವೆ, ಆದರೆ ಅದು ಹಿಂದಿನ ಪಟ್ಟಿಯಲ್ಲಿ ಬರೆದಿರಬೇಕು. ನಿನ್ನದರಲ್ಲಿ 4 ಅಂತ ಇದೆ. ಅಲ್ಲಿಗೆ ಮುಗಿಯಿತು. ವಾಲ್ವ್ (ಗಾಜಿನ ಟ್ಯೂಬ್) ಹೆಡ್‌ಗಳ ಕಥೆ ಬೇರೆ. ಅವಕ್ಕೆ ಸಾಮಾನ್ಯವಾಗಿ ಓಮ್ ಹೊಂದಿಸುವ ಸ್ವಿಚ್ಚು ಇರುತ್ತದೆ, ಸ್ಪೀಕರ್ ಹಾಕದೆ ಆನ್ ಮಾಡಲೇಬಾರದು. ನಿನಗೆ ಅದು ಸದ್ಯಕ್ಕೆ ಬೇಡ.

ಸರಿ, 8 ಓಮ್‌ನ ಫೋರ್ ಟೆನ್ ಮತ್ತು 8 ಓಮ್‌ನ ಹದಿನೈದು ಹಾಕಿದರೆ? ಹೆಡ್‌ಗೆ ತೊಂದರೆ ಇಲ್ಲ. ಆದರೆ ಶಕ್ತಿ ಅರ್ಧ ಅರ್ಧ ಹಂಚಿಹೋಗುತ್ತದೆ. ಹತ್ತರ ಸ್ಪೀಕರ್ ಒಂದೊಂದಕ್ಕೆ ಎಂಟನೇ ಒಂದು ಪಾಲು, ಹದಿನೈದರ ಆ ಒಂದೇ ಸ್ಪೀಕರ್‌ಗೆ ಪೂರ್ತಿ ಅರ್ಧ. ಹಾಗಾಗಿ ಮೊದಲು ಸುಸ್ತಾಗುವುದು ಹದಿನೈದೇ. ಇಡೀ ಸೆಟ್ಟಿನ ಮಿತಿ ಆ ಒಂದು ಸ್ಪೀಕರ್‌ನ ಮಿತಿ. ಜೊತೆಗೆ ಎರಡು ಬೇರೆ ಜಾತಿಯ ಡಬ್ಬಗಳು ಕೆಲವು ಸ್ವರಗಳಲ್ಲಿ ಒಂದನ್ನೊಂದು ಅಳಿಸುತ್ತವೆ. ಒಂದು ಸ್ವರ ಗುಡುಗುತ್ತದೆ, ಪಕ್ಕದ್ದು ಕಾಣೆಯಾಗುತ್ತದೆ. ಒಂದೇ ತರಹದ ಎರಡು ಕ್ಯಾಬಿನೆಟ್ ಇಟ್ಟರೆ ಈ ತಾಪತ್ರಯ ಬಹಳ ಕಡಿಮೆ.

ದೊಡ್ಡ ಸ್ಪೀಕರ್ ಅಂದರೆ ಕೆಳಗಿನ ಸ್ವರ ಅನ್ನುವುದೂ ಪೂರ್ತಿ ನಿಜವಲ್ಲ. ಹತ್ತು ಇಂಚಿನ ನಾಲ್ಕು ಸ್ಪೀಕರ್ ಸೇರಿದರೆ ಗಾಳಿ ತಳ್ಳುವ ಜಾಗ ಹದಿನೈದರ ಒಂದಕ್ಕಿಂತ ಬಹಳ ಜಾಸ್ತಿ. ಎಷ್ಟು ಕೆಳಗೆ ಹೋಗುತ್ತದೆ ಅನ್ನುವುದು ಸ್ಪೀಕರ್ ಮತ್ತು ಡಬ್ಬ ಎರಡೂ ಸೇರಿ ತೀರ್ಮಾನ ಮಾಡುವ ವಿಷಯ. ಎಲ್ಲರೂ ಕೊಂಡಾಡುವ ಆಂಪೆಗ್‌ನ ಎಂಟು ಸ್ಪೀಕರ್‌ಗಳ ಆ ಫ್ರಿಜ್ ಕ್ಯಾಬಿನೆಟ್ ಇದೆಯಲ್ಲ, 1969ರಲ್ಲಿ ಎಸ್‌ವಿಟಿ ಹೆಡ್ ಜೊತೆ ಬಂದದ್ದು, ಅದರ ಈಚಿನ ಮಾದರಿಯ ಪಟ್ಟಿಯಲ್ಲೇ 58 ಹರ್ಟ್ಸ್‌ನಿಂದ (ಸೆಕೆಂಡಿಗೆ 58 ಕಂಪನ) ಕೆಳಗೆ ಸದ್ದು ಇಳಿಯುತ್ತದೆ ಅಂತ ಇದೆ. ನಾಲ್ಕು ತಂತಿಯ ಬೇಸ್‌ನ ಇ ತಂತಿಯೇ 41 ಹರ್ಟ್ಸ್. ನಿನ್ನ ಬಿ ತಂತಿ 31. ಆದರೂ ಅದರಲ್ಲಿ ಬೇಸ್ ಭರ್ಜರಿಯಾಗಿ ಕೇಳಿಸುತ್ತದೆ. ಯಾಕಂದರೆ ನಮ್ಮ ಕಿವಿ ಬಿ ತಂತಿಯನ್ನು ಗುರುತಿಸುವುದು ಅದರ 62, 93 ಹರ್ಟ್ಸ್‌ನ ಮೇಲಿನ ಸ್ವರಗಳಿಂದ. ಅವು ಸ್ವಚ್ಛವಾಗಿ ಬಂದರೆ ತಂತಿ ಸ್ವಚ್ಛವಾಗಿ ಕೇಳುತ್ತದೆ.

ನಿನ್ನ ಕಾಂಬೊದ ಕೋನ್ ಬಡಿದುಕೊಂಡಿದ್ದಕ್ಕೂ ಇದೇ ಕಾರಣ. ಅಷ್ಟೇ ಜೋರು ಸದ್ದನ್ನು ಒಂದು ಸಪ್ತಕ ಕೆಳಗೆ ಕೊಡಬೇಕಾದರೆ ಕೋನ್ ನಾಲ್ಕು ಪಟ್ಟು ಜಾಸ್ತಿ ಓಡಾಡಬೇಕು. ಕೋನ್ ಎಷ್ಟು ದೂರ ಓಡಾಡಬಲ್ಲದು ಅನ್ನುವುದಕ್ಕೆ ಮಿತಿ ಇದೆ, ಪಟ್ಟಿಯಲ್ಲಿ ಬರೆದ ವ್ಯಾಟ್ ಮುಟ್ಟುವ ಎಷ್ಟೋ ಮೊದಲೇ ಆ ಮಿತಿ ಬಂದುಬಿಡಬಹುದು. ಇದರ ಮೇಲೆ ಬೇಸ್ ಗುಂಡಿ 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಏರಿಸಿದರೆ ಆ ಜಾಗದಲ್ಲಿ ನಾಲ್ಕು ಪಟ್ಟು ಶಕ್ತಿ ಕೇಳಿದ ಹಾಗೆ. ಆ ದಿನ ನೀನು ಏರಿಸಿರುತ್ತೀಯ, ಅಲ್ವಾ? ಎಲ್ಲರೂ ಏರಿಸುತ್ತಾರೆ. ಕೇಳಿಸದಿದ್ದಾಗ ಬೇಸ್ ಇಳಿಸಿ ಮಿಡ್ ಏರಿಸಬೇಕು. ಠಾಣೆಯ ಡ್ರಮ್ಮರ್ ಹೇಳಿದ್ದು ನೂರಕ್ಕೆ ನೂರು ಸರಿ.

ವ್ಯಾಟ್ ವಿಷಯ. 500 ಬದಲು 1000 ತಗೊಂಡರೆ ಸಿಗುವುದು 3 ಡೆಸಿಬೆಲ್. ಕಿವಿಗೆ 'ಸ್ವಲ್ಪ ಜೋರಾಯಿತು' ಅನ್ನಿಸುತ್ತದೆ, ಅಷ್ಟೇ. ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಅದೇ ಕ್ಯಾಬಿನೆಟ್‌ನ ಪಟ್ಟಿಯಲ್ಲಿ ಸೆನ್ಸಿಟಿವಿಟಿ ಅಂತ ಒಂದು ಸಂಖ್ಯೆ ಇರುತ್ತದೆ, 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದದ್ದು. 97 ಇರುವುದರ ಬದಲು 100 ಇರುವುದನ್ನು ಆರಿಸಿದರೆ ಹೆಡ್‌ನ ವ್ಯಾಟ್ ಎರಡರಷ್ಟು ಮಾಡಿದ ಹಾಗೆ. ಅದಕ್ಕೇ ನಾನು ಹೇಳುವುದು, ದುಡ್ಡು ಕ್ಯಾಬಿನೆಟ್‌ಗೆ ಹಾಕು. ಹೆಡ್ ಎರಡನೆಯದು.

ಈಗ ನನ್ನ ಹತ್ತಿರ ಇರುವುದು ಹನ್ನೆರಡು ಇಂಚಿನ ಒಂದೊಂದೇ ಸ್ಪೀಕರ್ ಇರುವ, 8 ಓಮ್‌ನ, ಒಂದೇ ಮಾದರಿಯ ಎರಡು ಕ್ಯಾಬಿನೆಟ್. ನಿಯೋಡಿಮಿಯಮ್ ಅಯಸ್ಕಾಂತ ಇರುವುದರಿಂದ ಹಗುರ, ಕೈಗೊಂದು ಎತ್ತಿಕೊಳ್ಳುತ್ತೇನೆ. ಹೆಡ್ ಕ್ಲಾಸ್ ಡಿ, ಅಂದರೆ ಕಡಿಮೆ ಬಿಸಿಯಾಗುವ ಹಗುರ ಜಾತಿಯದು, ಚೀಲದಲ್ಲಿ ಹೋಗುತ್ತದೆ. ಮೊದಲು ಒಂದೇ ಕ್ಯಾಬಿನೆಟ್ ತಗೊಂಡಿದ್ದೆ. ಎರಡನೆಯದು ಸೇರಿಸಿದ್ದು ಹದಿನಾಲ್ಕು ತಿಂಗಳ ನಂತರ. ಈ ದಾರಿಯ ಲಾಭ ನೋಡು. ಉದಾಹರಣೆಗೆ ಮಾರ್ಕ್‌ಬೇಸ್‌ನ ಲಿಟ್ಲ್ ಮಾರ್ಕ್ 3 ಹೆಡ್ 8 ಓಮ್‌ಗೆ 300 ವ್ಯಾಟ್, 4 ಓಮ್‌ಗೆ 500 ವ್ಯಾಟ್ ಕೊಡುತ್ತದೆ. ಒಂದೇ ಕ್ಯಾಬಿನೆಟ್ ಹಾಕಿ 300ರಲ್ಲಿ ನುಡಿಸಿದರೆ ನಷ್ಟ ಬರೀ 2 ಡೆಸಿಬೆಲ್ ಚಿಲ್ಲರೆ. ಆಮೇಲೆ ಇನ್ನೊಂದು ಸೇರಿಸಿದಾಗ ಆ ವ್ಯಾಟ್ ವಾಪಸ್ ಬರುತ್ತದೆ, ಮೇಲೆ ಎರಡು ಕೋನ್ ಜೊತೆಯಾಗಿ ತಳ್ಳುವುದರಿಂದ ಕೆಳಗಿನ ಸ್ವರಕ್ಕೆ ಇನ್ನೂ ಸುಮಾರು 3 ಡೆಸಿಬೆಲ್ ಸಿಗುತ್ತದೆ. 4 ಓಮ್‌ನದು ಒಂದು ತಗೊಂಡರೆ ಆ ಬಾಗಿಲು ಮುಚ್ಚಿದ ಹಾಗೆ. ಅದಕ್ಕೆ ಇನ್ನೇನನ್ನೂ ಸೇರಿಸುವಂತಿಲ್ಲ.

ನಮ್ಮ ಮಾಟುಂಗಾ ಕಡೆ ಆಟೋ ಬರುವುದಿಲ್ಲ, ಟ್ಯಾಕ್ಸಿಯೇ. ಹಳೆಯ ಸೆಟ್ಟನ್ನು ಕಾಲಿಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಯ ಕ್ಯಾರಿಯರ್ ಮೇಲೆ ಹಗ್ಗ ಕಟ್ಟಿ ಸಾಗಿಸುತ್ತಿದ್ದೆ. ಎಷ್ಟೋ ಟ್ಯಾಕ್ಸಿಯವರು ನೋಡಿಯೇ ಮುಂದೆ ಹೋಗುತ್ತಿದ್ದರು. ಈಗ ಮಧ್ಯಾಹ್ನದ ಕಾರ್ಯಕ್ರಮ ಆದರೆ ಲೋಕಲ್‌ನ ಲಗೇಜ್ ಡಬ್ಬಿಯಲ್ಲೇ ಹೋಗಿಬಿಡುತ್ತೇನೆ. ನಿನ್ನ ಮೂರು ಮಹಡಿಯನ್ನು ರಾತ್ರಿ ಹನ್ನೆರಡು ಗಂಟೆಗೆ, ಐದು ತಾಸು ನಿಂತು ನುಡಿಸಿದ ಮೇಲೆ ಹತ್ತುವುದನ್ನು ನೆನಪಿಸಿಕೊಂಡು ಕ್ಯಾಬಿನೆಟ್ ಆರಿಸು.

ಎರಡನ್ನೂ ಒಂದರ ಮೇಲೊಂದು ಇಡಬೇಕು, ಅಕ್ಕಪಕ್ಕ ಅಲ್ಲ. ಮೇಲಿನದು ನಿನ್ನ ಕಿವಿಗೆ ಹತ್ತಿರ ಬರುತ್ತದೆ, ಸದ್ದು ಅಕ್ಕಪಕ್ಕದವರಿಗೂ ಸಮನಾಗಿ ಹರಡುತ್ತದೆ. ಗಣಪತಿ ಪೆಂಡಾಲಿನ ಸ್ಟೇಜ್ ಪ್ಲೈವುಡ್, ಕೆಳಗೆ ಟೊಳ್ಳು. ಅದೇ ಒಂದು ದೊಡ್ಡ ತಮಟೆ. ಹಾಗಿದ್ದಾಗ ಕ್ಯಾಬಿನೆಟ್ ಕೆಳಗೆ ದಪ್ಪ ಸ್ಪಂಜು ಹಾಕು.

ಇನ್ನೊಂದು ಮಾತು. ಹೆಡ್‌ನಿಂದ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಹಾಕಬೇಡ. ನೋಡಲು ಒಂದೇ ತರಹದ ಜಾಕ್ ಇರುತ್ತದೆ, ಆದರೆ ಒಳಗಿನ ತಂತಿ ಕೂದಲಿನಷ್ಟು. ಸ್ಪೀಕರ್ ಕೇಬಲ್ಲೇ ಬೇಕು, ಸ್ಪೀಕಾನ್ (ತಿರುಗಿಸಿ ಬಿಗಿಯುವ ಸ್ಪೀಕರ್ ಜಾಕ್) ಇದ್ದರೆ ಬಹಳ ಒಳ್ಳೆಯದು. ಅಮೆರಿಕದಿಂದ ಯಾರಾದರೂ ಹೆಡ್ ತಂದುಕೊಡುತ್ತೇನೆ ಅಂದರೆ ಹಿಂದಿನ ವೋಲ್ಟೇಜ್ ನೋಡು. 120 ಮಾತ್ರ ಅಂತ ಇದ್ದರೆ ನಮ್ಮ 230ಕ್ಕೆ ನೇರ ಹಾಕುವ ಹಾಗಿಲ್ಲ.

ಮಡಗಾಂವ್ ಮಿಕ್ಸರ್:

ಮಾಟುಂಗಾದವರು ಬರೆದದ್ದಕ್ಕೆ ಒಂದು ಸಣ್ಣ ತಕರಾರು. ನಾನು ಕಾರವಾರದವನು, ಮಡಗಾಂವ್‌ನಲ್ಲಿ ಸೌಂಡ್ ಕೆಲಸ. ಇಲ್ಲಿನ ಮದುವೆಗಳು ಹೆಚ್ಚಾಗಿ ಬಯಲು ಲಾನ್‌ನಲ್ಲಿ. ಗೋಡೆ ಇಲ್ಲದ ಕಡೆ ಬೇಸ್ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಅಲ್ಲಿ ಹನ್ನೆರಡರ ಒಂದು ಕ್ಯಾಬಿನೆಟ್ ಡ್ರಮ್ಸ್ ಎದುರು ನಿಲ್ಲಲಾರದು. ಕೊತ್ರೂಡ್‌ನವರಿಗೆ ಕಾರು ಇದ್ದು, ತಂಡದ ಇನ್ನೊಬ್ಬರು ಕೈ ಹಾಕುವ ಹಾಗಿದ್ದರೆ, 8 ಓಮ್‌ನ ಒಂದು ಫೋರ್ ಟೆನ್ ಕೂಡ ಒಳ್ಳೆಯ ಆಯ್ಕೆ. 8 ಓಮ್ ಅನ್ನುವುದು ಮುಖ್ಯ.

ಆದರೆ ನಿಮ್ಮ ಆ್ಯಂಪ್‌ನ ಕೆಲಸ ಜನರಿಗೆ ಕೇಳಿಸುವುದಲ್ಲ, ಸ್ಟೇಜ್ ಮೇಲಿನ ಐದು ಜನಕ್ಕೆ ಕೇಳಿಸುವುದು. ಜನರಿಗೆ ನಾನು ಕೇಳಿಸುತ್ತೇನೆ. ಅದಕ್ಕೆ ಹೆಡ್‌ನಲ್ಲಿ ಡಿಐ ಔಟ್, ಅಂದರೆ ಮಿಕ್ಸರ್‌ಗೆ ನೇರ ಸದ್ದು ಕಳಿಸುವ ಸಾಕೆಟ್, ಇರಲೇಬೇಕು. ಪ್ರೀ, ಪೋಸ್ಟ್ ಅಂತ ಒಂದು ಸ್ವಿಚ್ಚು ಇರುತ್ತದೆ. ಪ್ರೀ ಇಟ್ಟರೆ ನೀವು ಸ್ಟೇಜ್ ಮೇಲೆ ಗುಂಡಿ ಎಷ್ಟು ತಿರುಗಿಸಿದರೂ ನನ್ನ ಮಿಕ್ಸರ್‌ಗೆ ಬರುವ ಸದ್ದು ಬದಲಾಗುವುದಿಲ್ಲ. ದಯವಿಟ್ಟು ಪ್ರೀ ಇಡಿ. ಗ್ರೌಂಡ್ ಲಿಫ್ಟ್, ಅಂದರೆ ಡಿಐ ಕೇಬಲ್‌ನ ಗ್ರೌಂಡ್ ಬಿಡಿಸುವ ಸ್ವಿಚ್ಚು, ಇದ್ದರೆ ಇನ್ನೂ ಒಳ್ಳೆಯದು, ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮಗಳಲ್ಲಿ ಗುಂಯ್ ಅನ್ನುವ ಸದ್ದು ಅದರಿಂದ ಎಷ್ಟೋ ಸಲ ನಿಲ್ಲುತ್ತದೆ. ಪವರ್ ಕಾರ್ಡ್‌ನ ಅರ್ಥ್ ಪಿನ್ ಮಾತ್ರ ಯಾವತ್ತೂ ತೆಗೆಯಬೇಡಿ. ಅದು ಜೀವದ ವಿಷಯ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಮಲ್ಟಿಮೀಟರ್ ತಗೊಂಡು ಹೋಗಿ. ಕೇಬಲ್ ತುದಿಯಲ್ಲಿ ಅಳೆದರೆ ಬರೆದಿರುವ ಓಮ್‌ಗಿಂತ ಸ್ವಲ್ಪ ಕಡಿಮೆ ಬರುತ್ತದೆ, ಅದು ಸಹಜ. 8 ಅಂತ ಇರುವುದು 6ರ ಆಸುಪಾಸು, 4 ಅಂತ ಇರುವುದು 3ರ ಆಸುಪಾಸು. ಆಮೇಲೆ ಜಾಲರಿ ತೆಗೆಸಿ, ಎರಡೂ ಕೈಯ ಬೆರಳುಗಳಿಂದ ಕೋನ್ ಅನ್ನು ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ. ಕರಕರ ಅಂದರೆ ಒಳಗಿನ ಕಾಯಿಲ್ (ಸುರುಳಿ ತಂತಿ) ಉಜ್ಜುತ್ತಿದೆ ಅಂತ ಅರ್ಥ, ಬಿಟ್ಟುಬಿಡಿ.

ಕೊತ್ರೂಡ್‌ನ ಐದು ತಂತಿ:

ಮೂವರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಏನೂ ಬರೆಯಲಿಲ್ಲ, ಓಡಾಟದಲ್ಲೇ ಇದ್ದೆ.

ತಾಪಕೀರ್ ಗಲ್ಲಿಯಲ್ಲಿ ಒಂದು ಮಲ್ಟಿಮೀಟರ್ ತಗೊಂಡು ನಾರಾಯಣ ಪೇಟೆಗೆ ಹೋದೆ. ಆ ಫೋರ್ ಟೆನ್ 3.3 ತೋರಿಸಿತು, ಅಂದರೆ 4 ಓಮ್ ಅನ್ನುವುದು ನಿಜ. ಜಾಲರಿ ತೆಗೆದು ಒತ್ತಿ ನೋಡಿದೆ. ಮೂರು ಕೋನ್ ಬೆಣ್ಣೆಯ ಹಾಗೆ ಹೋದವು. ನಾಲ್ಕನೆಯದು, ಕೆಳಗಿನ ಎಡಗಡೆಯದು, ಸಣ್ಣಗೆ ಕರಕರ ಅಂದಿತು. ಕೊಡುವವರಿಗೂ ಅದು ಗೊತ್ತಿರಲಿಲ್ಲ ಅನ್ನಿಸುತ್ತದೆ, ಅವರ ಮುಖ ಸಪ್ಪಗಾಯಿತು. ಚಹಾ ಕುಡಿಸಿ ಕಳಿಸಿದರು. ತಗೊಳ್ಳಲಿಲ್ಲ.

ಆಮೇಲೆ ಅಂಗಡಿಯೊಂದರಲ್ಲಿ ನಮ್ಮ ಡ್ರಮ್ಮರ್‌ನನ್ನೂ ಕರೆದುಕೊಂಡು ಹೋಗಿ, ನನ್ನದೇ ಬೇಸ್ ಹಾಕಿ ಕೇಳಿದೆ. ಮೊದಲು 8 ಓಮ್ ಫೋರ್ ಟೆನ್. ಸದ್ದು ಗಟ್ಟಿಯಾಗಿತ್ತು, ಮಡಗಾಂವ್‌ನವರು ಹೇಳಿದ್ದು ಸುಳ್ಳಲ್ಲ. ಆದರೆ ಅದನ್ನು ಅಂಗಡಿಯ ಆ ಮೂಲೆಯಿಂದ ಈ ಮೂಲೆಗೆ ತರಲು ಇಬ್ಬರು ಬಂದರು. ಆಮೇಲೆ ಹನ್ನೆರಡರ ಒಂದು ಕ್ಯಾಬಿನೆಟ್, ಅದನ್ನು ಒಂದು ಕುರ್ಚಿಯ ಮೇಲೆ ಇಟ್ಟೆವು. ಬೇಸ್ ಗುಂಡಿ ನಡುವಿಗೆ, ಮಿಡ್ ಸ್ವಲ್ಪ ಮೇಲೆ. ಬಿ ತಂತಿ ನುಡಿಸಿದೆ. ಡ್ರಮ್ಮರ್ ಅಲ್ಲೇ ಇದ್ದ ಸ್ಟೂಲ್ ಮೇಲೆ ಬೆರಳಲ್ಲಿ ತಾಳ ಹಾಕಲು ಶುರು ಮಾಡಿದ. 'ಈಗ ನೀನು ಎಲ್ಲಿದ್ದೀಯ ಅಂತ ಗೊತ್ತಾಗ್ತಿದೆ' ಅಂದ. ನನಗೆ ಅಷ್ಟೇ ಸಾಕಾಗಿತ್ತು.

ಹೆಡ್ ಮತ್ತು ಹನ್ನೆರಡರ ಒಂದು ಕ್ಯಾಬಿನೆಟ್ ತಗೊಂಡೆ. ಎಂಬತ್ತು ಸಾವಿರದೊಳಗೇ ಆಯಿತು, ಸ್ಪೀಕಾನ್ ಕೇಬಲ್ ಸೇರಿ. ಎರಡನೆಯ ಕ್ಯಾಬಿನೆಟ್ ಗಣಪತಿ ಹಬ್ಬದ ದುಡ್ಡು ಬಂದ ಮೇಲೆ. ಮೊನ್ನೆ ಭಾನುವಾರ ಪ್ರಾಕ್ಟೀಸ್‌ಗೆ ಒಯ್ದಿದ್ದೆ. ಮೂರು ಮಹಡಿ ಒಬ್ಬನೇ ಇಳಿಸಿದೆ, ಒಬ್ಬನೇ ಹತ್ತಿಸಿದೆ, ನಡುವೆ ಎಲ್ಲೂ ಇಳಿಸಿ ನಿಲ್ಲಲಿಲ್ಲ.

ಒಂದೇ ಒಂದು ವಿಷಯ. ಜೋರಾಗಿ ನುಡಿಸುವಾಗ ಬಿ ತಂತಿಯ ಮೇಲೆ ಅಂಗೈ ತಾಗಿದರೆ ಕೋನ್ ಒಂದು ಸಲ ದೊಡ್ಡದಾಗಿ ಒಳಗೆ ಹೊರಗೆ ಹೋಗುತ್ತದೆ, ಸದ್ದೇನೂ ಬರುವುದಿಲ್ಲ. ಇದಕ್ಕೆ ಹೆದರಬೇಕಾ ಅಣ್ಣಾ?

ಮಾಟುಂಗಾ ಬೇಸ್:

ಒಳ್ಳೆಯದಾಯಿತು ತಮ್ಮಾ, ಓದಿ ಖುಷಿಯಾಯಿತು. ಹೆದರಬೇಡ, ಆದರೆ ಬಿಡಲೂ ಬೇಡ. ನಿನ್ನ ಕ್ಯಾಬಿನೆಟ್‌ಗೆ ಮುಂದೆಯೋ ಹಿಂದೆಯೋ ಒಂದು ತೂತು ಇರಬೇಕು, ಅಂದರೆ ಅದು ಪೋರ್ಟ್ ಇರುವ ಡಬ್ಬ. ಅದನ್ನು ಹೊಂದಿಸಿದ ಸ್ವರಕ್ಕಿಂತ ಕೆಳಗೆ ಹೋದರೆ ಒಳಗಿನ ಗಾಳಿ ಕೋನ್ ಅನ್ನು ಹಿಡಿದಿಡುವುದಿಲ್ಲ, ಅದು ಸುಮ್ನೆ ಅಲೆದಾಡುತ್ತದೆ. ಹೆಡ್‌ನಲ್ಲಿ ಹೈ-ಪಾಸ್ ಫಿಲ್ಟರ್, ಅಂದರೆ ತೀರಾ ಕೆಳಗಿನ ಸದ್ದನ್ನು ಕತ್ತರಿಸುವ ಸೌಲಭ್ಯ, ಇದೆಯಾ ನೋಡು. ಇದ್ದರೆ 35 ಹರ್ಟ್ಸ್ ಹತ್ತಿರ ಇಡು. ಇಲ್ಲದಿದ್ದರೆ ಪೆಡಲ್ ರೂಪದಲ್ಲಿ ಬೇರೆ ಸಿಗುತ್ತದೆ, ಎರಡನೆಯ ಕ್ಯಾಬಿನೆಟ್‌ಗಿಂತ ಮೊದಲು ಅದನ್ನು ತಗೋ. ಎರಡನೆಯದು ತಗೊಳ್ಳುವಾಗ ಮಾದರಿ ಸಂಖ್ಯೆ ಬರೆದುಕೊಂಡು ಹೋಗು, ಕೊನೆಯ ಅಕ್ಷರದ ತನಕ ಅದೇ ಇರಲಿ. ಒಂದೇ ಹೆಸರಿನಲ್ಲಿ 4 ಓಮ್‌ನದೂ ಬರುತ್ತದೆ.